ಮಗಳು ಇನ್ನೂ ದೊಡ್ಡವಳಾಗಿಲ್ಲ: ಕಾಯಬೇಕೇ, ಔಷಧ ಆರಂಭಿಸಬೇಕೇ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ ತುಂಬಿದೆ, ಎತ್ತರ 128 ಸೆಂಟಿಮೀಟರ್ ಮಾತ್ರ. ಘಟ್ಟ ಇಳಿದು ಮಣಿಪಾಲದಲ್ಲಿ ತೋರಿಸಿದಾಗ ‘ಟರ್ನರ್ ಸಿಂಡ್ರೋಮ್, 45,ಎಕ್ಸ್’ ಎಂದು ಬರೆದುಕೊಟ್ಟು, ಈಸ್ಟ್ರೋಜನ್ ಎಂಬ ಹಾರ್ಮೋನ್ ಆರಂಭಿಸಬೇಕು ಎಂದರು. ಕಂಕುಳಲ್ಲಿ ಕೂದಲು ಬಂದಿರುವುದರಿಂದ ಇನ್ನೊಂದೆರಡು ಮಳೆಗಾಲ ಕಳೆದರೆ ತಾನಾಗಿಯೇ ಮೈನೆರೆಯುತ್ತಾಳೆ, ಕಷಾಯ ಕೊಟ್ಟರೆ ಸಾಕು ಎನ್ನುತ್ತಾರೆ ನಮ್ಮ ಅತ್ತೆಯವರು. ಹಾರ್ಮೋನ್ ಕೊಟ್ಟರೆ ಬೆಳವಣಿಗೆಯೇ ನಿಂತುಹೋಗುತ್ತದೆ ಎಂದು ನೆಂಟರು ಹೆದರಿಸುತ್ತಾರೆ. ಔಷಧದಿಂದ ಮುಟ್ಟಾದರೆ ಆರತಿ ಮಾಡಬಹುದೇ? ಬಸುರಿಯಾಗಿದ್ದಾಗ ನನ್ನಿಂದೇನಾದರೂ ತಪ್ಪಾಯಿತೇ?
– ಒಬ್ಬ ತಾಯಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕೊನೆಯ ಪ್ರಶ್ನೆಯನ್ನು ನೀವು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೀರಿ, ಆದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ನಿಮ್ಮಿಂದ ಯಾವ ತಪ್ಪೂ ಆಗಿಲ್ಲ. ಹೆಣ್ಣಿನ ಜೀವಕೋಶದಲ್ಲಿ ಸಾಮಾನ್ಯವಾಗಿ ವಂಶವಾಹಿಗಳನ್ನು ಹೊತ್ತ 46 ಕ್ರೋಮೋಸೋಮ್‌ಗಳಿದ್ದು, ಅವುಗಳಲ್ಲಿ ಎರಡು ಎಕ್ಸ್ ಆಗಿರುತ್ತವೆ; ನಿಮ್ಮ ಮಗಳಲ್ಲಿ ಒಂದೇ ಎಕ್ಸ್ ಇದೆ, ‘45,ಎಕ್ಸ್’ ಎಂದರೆ ಇದೇ. ಅಂಡವೋ ವೀರ್ಯಾಣುವೋ ರೂಪುಗೊಳ್ಳುವಾಗ, ಇಲ್ಲವೇ ಗರ್ಭ ಕಟ್ಟಿದ ಮೊದಲ ದಿನಗಳಲ್ಲಿ ಆಕಸ್ಮಿಕವಾಗಿ ಆಗುವ ಲೋಪವಿದು. ತಿಂದ ಪಪ್ಪಾಯಿಗೂ ಕಂಡ ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಸುಮಾರು 2,000ದಿಂದ 2,500 ಹೆಣ್ಣುಮಕ್ಕಳಿಗೆ ಒಬ್ಬರಲ್ಲಿ ಇದು ಕಾಣಿಸುತ್ತದೆ.

ಕಂಕುಳಿನ ಕೂದಲನ್ನು ನಂಬಿ ಕಾಯುವುದು ಸರಿಯಲ್ಲ. ಆ ಕೂದಲು ಬರುವುದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನ್‌ಗಳಿಂದ. ಅಂಡಾಶಯ ಕೆಲಸ ಮಾಡದಿದ್ದರೂ ಅದು ಬರಬಹುದು. ಅಂಡಾಶಯ ಎಚ್ಚೆತ್ತಿದೆ ಎಂಬುದಕ್ಕೆ ಗುರುತು ಸ್ತನಗಳ ಬೆಳವಣಿಗೆ. ಈ ಸ್ಥಿತಿಯ ಕೆಲವು ಹುಡುಗಿಯರಲ್ಲಿ ಅದು ತಾನಾಗಿ ಆರಂಭವಾಗುವುದುಂಟು, ಆದರೆ ನೀವು ಕಳುಹಿಸಿದ ವರದಿಯ ನಕಲಿನಲ್ಲಿ ಅಂಡಾಶಯವನ್ನು ಎಚ್ಚರಿಸುವ ಎಫ್‌ಎಸ್‌ಎಚ್ ಹಾರ್ಮೋನ್ ಬಹಳ ಏರಿದೆ: ಅಂಡಾಶಯದಿಂದ ಉತ್ತರ ಬಾರದ ಕಾರಣ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ತನ್ನ ಕೂಗನ್ನು ಏರಿಸುತ್ತಲೇ ಇದೆ. ಯಾವ ಕಷಾಯವೂ ಅಲ್ಲಿಲ್ಲದ ಅಂಡಗಳನ್ನು ಹುಟ್ಟಿಸಲಾರದು.

ಆದ್ದರಿಂದ ವೈದ್ಯರು ಕೊಡಬೇಕೆಂದಿರುವುದು ಅವಳ ದೇಹವೇ ತಯಾರಿಸಬೇಕಾಗಿದ್ದ ಈಸ್ಟ್ರೋಜನ್ ಅನ್ನು. ಸಾಮಾನ್ಯವಾಗಿ 11–12ನೇ ವಯಸ್ಸಿಗೆ, ವಯಸ್ಕರ ಪ್ರಮಾಣದ ಹತ್ತನೆಯ ಒಂದು ಭಾಗದಷ್ಟರಿಂದ, ಮಾತ್ರೆಯಾಗಿಯೋ ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಿಯೋ ಆರಂಭಿಸಿ, ಎರಡು ಮೂರು ವರ್ಷಗಳಲ್ಲಿ ಮೆಲ್ಲಗೆ ಏರಿಸುತ್ತಾರೆ; ಗರ್ಭಕೋಶ ಬೆಳೆದ ನಂತರ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಸೇರಿಸಿದಾಗ ತಿಂಗಳ ಸ್ರಾವ ಬರುತ್ತದೆ. ಹೀಗೆ ಮೆಲ್ಲಮೆಲ್ಲಗೆ ಏರಿಸುವುದಕ್ಕೆ ಕಾರಣವಿದೆ. ಒಮ್ಮೆಲೇ ಹೆಚ್ಚು ಕೊಟ್ಟರೆ ಮೂಳೆಯ ತುದಿಗಳು ಬೇಗ ಕೂಡಿಕೊಂಡು ಎತ್ತರ ನಿಲ್ಲುವುದು ನಿಜ. ನಿಮ್ಮ ನೆಂಟರು ಅರ್ಧ ಸತ್ಯವನ್ನು ಹೇಳಿದ್ದಾರೆ. ಮೊದಲ ಹಂತದ ಅಲ್ಪ ಪ್ರಮಾಣದಿಂದ ಆ ಭಯವಿಲ್ಲ. ‘ಮುಟ್ಟು ಬರಿಸುವ ಮಾತ್ರೆ’ ಎಂದು ಔಷಧದಂಗಡಿಯಿಂದ ತಂದು ಕೊಡುವುದನ್ನಂತೂ ಮಾಡಬೇಡಿ. ಈಸ್ಟ್ರೋಜನ್‌ನಿಂದ ಗರ್ಭಕೋಶದ ಒಳಪದರ ಕಟ್ಟದೆ ಆ ಮಾತ್ರೆಯಿಂದ ಸ್ರಾವವೂ ಆಗದು, ಗರ್ಭನಿರೋಧಕ ಮಾತ್ರೆಗಳಂತೂ ಈ ವಯಸ್ಸಿಗೆ ಅತಿಯಾದ ಪ್ರಮಾಣ. ಸುಮ್ಮನೆ ಕಾಯ್ದರೆ ಮೂಳೆ ಗಟ್ಟಿಯಾಗಬೇಕಾದ ವರ್ಷಗಳೇ ಕಳೆದುಹೋಗುತ್ತವೆ.

ಎತ್ತರಕ್ಕೆ ಬೆಳವಣಿಗೆಯ ಹಾರ್ಮೋನ್ ಇದೆ. ದಿನವೂ ರಾತ್ರಿ ಚುಚ್ಚಿಕೊಳ್ಳಬೇಕು, ಖರ್ಚೂ ಕಡಿಮೆಯಲ್ಲ. ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸನ್ನು ನೋಡಿ, ಇನ್ನೆಷ್ಟು ಲಾಭವಾದೀತು ಎಂದು ವೈದ್ಯರನ್ನು ಕೇಳಿ. ಹೃದಯದ ಎಕೋ ಪರೀಕ್ಷೆ ಆಗಿದೆಯೇ ಎಂಬುದು ಪತ್ರದಲ್ಲಿಲ್ಲ. ಹೃದಯದಿಂದ ಹೊರಡುವ ಮಹಾಪಧಮನಿಯ ಕವಾಟದ ದೋಷ ಅಥವಾ ಆ ಮಹಾಪಧಮನಿಯೇ ಕಿರಿದಾಗಿರುವ ದೋಷ ಇಲ್ಲಿ ಸಾಮಾನ್ಯವಾಗಿರುವುದರಿಂದ ಆ ಪರೀಕ್ಷೆಯನ್ನು ಮುಂದೂಡಬೇಡಿ. ಮೂತ್ರಪಿಂಡ, ಥೈರಾಯ್ಡ್ ಮತ್ತು ಕಿವಿಯ ಪರೀಕ್ಷೆಯೂ ಆಗಲಿ.

ನಿಮ್ಮ ನಾಲ್ಕು ಪುಟಗಳ ಪತ್ರದಲ್ಲಿ ಮಗಳು ಏನೆಂದಳೆಂಬ ಒಂದು ಸಾಲೂ ಇಲ್ಲ. ದಿನವೂ ಮಾತ್ರೆ ನುಂಗಬೇಕಾದವಳು ಅವಳು. ಅಂಡಾಶಯ ಕೆಲಸ ಮಾಡುತ್ತಿಲ್ಲ, ಗರ್ಭಕೋಶವಿದೆ, ಬುದ್ಧಿಗೇನೂ ಕುಂದಿಲ್ಲ ಎಂದು ಅವಳ ಮಾತಿನಲ್ಲೇ ತಿಳಿಸಿ. ಮಕ್ಕಳಾಗುವ ವಿಷಯವನ್ನು ಅವಳು ಕೇಳಿದಾಗ ಮುಚ್ಚಿಡಬೇಡಿ, ತಾನಾಗಿ ಬಸಿರಾಗುವುದು ಅಪರೂಪ ಎಂಬುದನ್ನು ವೈದ್ಯರೆದುರೇ ಹೇಳಿಸಿ.

ಆರತಿಯ ಮಾತಿಗೆ ಬಂದರೆ, ಔಷಧದಿಂದ ಬಂದ ಮುಟ್ಟು ಸುಳ್ಳಲ್ಲ. ಅದಕ್ಕೆ ಇನ್ನೂ ಎರಡು ವರ್ಷವಾದರೂ ಹಿಡಿದೀತು. ಐದು ಮುತ್ತೈದೆಯರನ್ನು ಕರೆದು ಚಿಗಳಿ ಉಂಡೆ ಕಟ್ಟುವುದೋ ಬಿಡುವುದೋ ಎಂಬುದನ್ನು ಆಗ ಅವಳನ್ನೇ ಕೇಳಿ. ಈಗ ಯಾರಾದರೂ ಪಡಸಾಲೆಯಲ್ಲಿ ಕುಳಿತು ‘ಇನ್ನೂ ಆಗಿಲ್ಲವೇ’ ಎಂದರೆ, ‘ವೈದ್ಯರು ನೋಡುತ್ತಿದ್ದಾರೆ’ ಎಂದಷ್ಟೇ ಹೇಳಿ, ಕಾಫಿ ಕೊಟ್ಟು ಕಳುಹಿಸಿ.