ಗುಮ್ಮಟ ಹೇಗೆ ಕೂತಿತು ಎಂದು ಬರೆಯಿರಿ

ನಮಸ್ಕಾರ.

‘ಇಸ್ಲಾಮಿಕ್ ವಾಸ್ತುಶಿಲ್ಪ: ಇತಿಹಾಸ ಮತ್ತು ವೈಶಿಷ್ಟ್ಯಗಳು’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಅದು ಹೊರಗೆ ಬರಲಿ ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗುಮ್ಮಟ, ಮಿನಾರು, ಕಮಾನು, ಅಂಗಳ, ಚಿತ್ತಾರ, ಅಕ್ಷರಕಲೆ ಎಂದು ಆರು ಉಪಶೀರ್ಷಿಕೆ ಹಾಕಿದ್ದೀರಿ. ಪ್ರತಿಯೊಂದರ ಕೆಳಗೂ ಊರುಗಳ ಹೆಸರು ಸಾಲುಗಟ್ಟಿವೆ. ಇರಾಕಿನ ಸಮರ್ರಾದಿಂದ ಸ್ಪೇನಿನ ಗ್ರನಾಡಾಕ್ಕೆ, ಅಲ್ಲಿಂದ ಇಸ್ತಾನ್‌ಬುಲ್‌ಗೆ ಒಂದೇ ವಾಕ್ಯದಲ್ಲಿ ಹೋಗಿಬಿಡುತ್ತೀರಿ. ಹೀಗಾಗಿ ಓದುಗ ಯಾವ ಕಟ್ಟಡದ ಒಳಗೂ ಕಾಲಿಡುವುದಿಲ್ಲ. ‘ಭವ್ಯ’, ‘ಮನಮೋಹಕ’, ‘ಅದ್ಭುತ’ ಎಂಬ ಮಾತುಗಳನ್ನೆಲ್ಲ ಹೊಡೆದುಹಾಕಿ ಓದಿ ನೋಡಿ, ಲೇಖನಕ್ಕೆ ಏನೂ ನಷ್ಟವಾಗುವುದಿಲ್ಲ. ಕಟ್ಟಿದವರಿಗೆ ಎದುರಾದ ಕಷ್ಟ ಏನು, ಅದನ್ನು ಹೇಗೆ ಬಗೆಹರಿಸಿದರು ಎಂದು ಹೇಳಿ. ಬೆರಗು ತಾನಾಗಿ ಹುಟ್ಟುತ್ತದೆ.

ನಾಲ್ಕನೆಯ ಪುಟದಲ್ಲಿ ಒಂದು ಕಡೆ ನೀವೇ ಇದನ್ನು ಮಾಡಿದ್ದೀರಿ. ಸ್ಪೇನಿನ ಕೊರ್ಡೊಬಾದ ಮಸೀದಿಯಲ್ಲಿ ಕಮಾನಿನ ಮೇಲೆ ಇನ್ನೊಂದು ಕಮಾನು ಯಾಕಿದೆ ಎಂದು ಕೇಳಿ, ಮೂರು ಸಾಲಿನಲ್ಲಿ ಉತ್ತರಿಸಿ ಮುಂದೆ ಓಡಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಅಲ್ಲಿನ ಅರಸ ಮೊದಲನೆಯ ಅಬ್ದುಲ್ ರಹಮಾನ್ 785ರ ಸುಮಾರಿಗೆ ಆ ಮಸೀದಿ ಕಟ್ಟಿಸಲು ತೊಡಗಿದಾಗ ಕೈಗೆ ಸಿಕ್ಕಿದ್ದು ಹಳೆಯ ರೋಮನ್ನರ ಮತ್ತು ಮುಸ್ಲಿಮರಿಗೆ ಮೊದಲು ಸ್ಪೇನನ್ನು ಆಳಿದ ವಿಸಿಗಾತರ ಕಟ್ಟಡಗಳ ಕಂಬಗಳು. ಒಂದರ ಉದ್ದ ಇನ್ನೊಂದಕ್ಕಿಲ್ಲ, ಎತ್ತರವೂ ಸಾಲದು. ಅಷ್ಟು ವಿಶಾಲವಾದ ಸಭಾಂಗಣಕ್ಕೆ ಅಷ್ಟು ತಗ್ಗಿನಲ್ಲಿ ಚಾವಣಿ ಹಾಕಿದರೆ ಒಳಗೆ ಉಸಿರು ಕಟ್ಟುತ್ತದೆ. ಅದಕ್ಕೇ ಕಂಬದ ತಲೆಯ ಮೇಲೆ ಇನ್ನೊಂದು ಗಿಡ್ಡ ಕಂಬ ಎಬ್ಬಿಸಿ, ಎರಡು ಅಂತಸ್ತಿನಲ್ಲಿ ಕಮಾನು ಕಟ್ಟಿದರು. ಕೆಳಗಿನ ಕುದುರೆಲಾಳದ ಕಮಾನು ಕಂಬಗಳು ಅತ್ತಿತ್ತ ವಾಲದಂತೆ ಹಿಡಿಯುತ್ತದೆ, ಮೇಲಿನ ಅರ್ಧವೃತ್ತದ ಕಮಾನು ಚಾವಣಿಯ ಭಾರ ಹೊರುತ್ತದೆ. ಎರಡರ ನಡುವೆ ಗೋಡೆ ಇಲ್ಲದ್ದರಿಂದ ಬೆಳಕೂ ನೋಟವೂ ಆಚೆಗೆ ಹಾಯುತ್ತವೆ. ಇಂಥ ಅಂತಸ್ತಿನ ಕಮಾನಿಗೆ ಸ್ಪೇನಿನದೇ ಮೆರಿಡಾ ಊರಿನ, ಕಮಾನುಗಳ ಮೇಲೆ ನೀರು ಹರಿಸುವ ರೋಮನ್ ಮೇಲ್ಗಾಲುವೆ ಪ್ರೇರಣೆ ಇರಬಹುದೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಕುದುರೆಲಾಳದ ಕಮಾನನ್ನು ವಿಸಿಗಾತರು ಮೊದಲೇ ಬಳಸುತ್ತಿದ್ದರು. ಕಂಬ ಎರವಲು, ಉಪಾಯವೂ ಎರವಲು, ಆದರೂ ಹೊರಬಂದದ್ದು ಅದುವರೆಗೆ ಯಾರೂ ಕಾಣದ ಒಳಾಂಗಣ. ನಿಮ್ಮ ಲೇಖನದ ಜೀವ ಇಲ್ಲಿದೆ.

ಗುಮ್ಮಟವನ್ನು ‘ಆಕಾಶದ ಸಂಕೇತ’ ಎಂದು ಹೇಳಿ ಮುಗಿಸಿದ್ದೀರಿ. ಸಂಕೇತದ ಮಾತು ಆಮೇಲೆ. ಮೊದಲು ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಬೇಕಲ್ಲ, ನಾಲ್ಕು ಮೂಲೆಗಳಲ್ಲಿ ಅದರ ಅಂಚಿಗೆ ಆಧಾರ ಎಲ್ಲಿ? ಮೂಲೆಗೆ ಅಡ್ಡಲಾಗಿ ಕಮಾನು ಕಟ್ಟುವ ಉಪಾಯವನ್ನು ಇರಾನಿನವರು ಇಸ್ಲಾಂ ಬರುವುದಕ್ಕೆ ಮೊದಲೇ, ಸಾಸಾನಿಯನ್ ಅರಸರ ಕಾಲದಲ್ಲೇ ಬಲ್ಲವರಾಗಿದ್ದರು. ಇರಾನಿನ ಇಸ್ಫಹಾನ್ ನಗರದ ಶುಕ್ರವಾರದ ಮಸೀದಿಯಲ್ಲಿ 1088-89ರ ಉತ್ತರ ಗುಮ್ಮಟದ ಕೆಳಗೆ ನಿಂತರೆ, ಚೌಕ ಅಷ್ಟಕೋನವಾಗಿ, ಅಷ್ಟಕೋನ ಹದಿನಾರು ಮುಖವಾಗಿ, ಅದು ವೃತ್ತವಾಗುವುದು ಒಂದೊಂದೇ ಹಂತವಾಗಿ ಕಾಣುತ್ತದೆ. ಬಣ್ಣದ ಹೆಂಚಿನ ಮುಸುಕಿಲ್ಲ, ಬರೀ ಇಟ್ಟಿಗೆ. ಮೂಲೆಯ ಆ ಕಮಾನನ್ನೇ ಸಣ್ಣ ಸಣ್ಣ ಗೂಡುಗಳಾಗಿ ಒಡೆಯುತ್ತಾ ಹೋದಾಗ ನೀವು ‘ಅಲಂಕಾರ’ ಎಂದು ಕರೆದ ಮುಕರ್ನಸ್ ಬೆಳೆಯಿತು ಎಂಬುದು ಬಲವಾದ ವಿವರಣೆ. ಹದಿನಾಲ್ಕನೆಯ ಶತಮಾನದ, ಗ್ರನಾಡಾದ ಅಲ್‌ಹಂಬ್ರಾ ಅರಮನೆಗೆ ಬರುವಷ್ಟರಲ್ಲಿ ಅದು ಸಾವಿರಾರು ಗಾರೆಯ ತುಣುಕುಗಳ ತೂಗುಚಾವಣಿ. ಕಟ್ಟಡದ ಭಾರವನ್ನು ಅದು ಹೊರುವುದೇ ಇಲ್ಲ. ಸಮರ್ಖಂದದ ಗಣಿತಜ್ಞ ಅಲ್-ಕಾಶಿ 1427ರ ತನ್ನ ಗಣಿತಗ್ರಂಥದಲ್ಲಿ ಮುಕರ್ನಸ್‌ನ ಮೇಲ್ಮೈ ಅಳೆಯುವ ಲೆಕ್ಕವನ್ನೇ ಕೊಟ್ಟಿದ್ದಾನೆ. ‘ಗಣಿತದ ಪ್ರಭಾವ ಎದ್ದು ಕಾಣುತ್ತದೆ’ ಎಂಬ ನಿಮ್ಮ ವಾಕ್ಯ ಇರುವ ಕಡೆ ಇದು ಬರಲಿ.

ತುರ್ಕಿಯ ಒಟ್ಟೋಮನ್ನರ ಭಾಗ ಪೂರ್ತಿ ಬಿಡಿ. ಇಸ್ತಾನ್‌ಬುಲ್‌ನಲ್ಲಿ 537ರಲ್ಲಿ ಚರ್ಚಾಗಿ ಎದ್ದ ಹಾಗಿಯಾ ಸೋಫಿಯಾವನ್ನು ಎದುರಿಗಿಟ್ಟುಕೊಂಡು ಅವರ ವಾಸ್ತುಶಿಲ್ಪಿ ಸಿನಾನ್ ಎಡಿರ್ನೆಯ ಸೆಲಿಮಿಯೆ ಮಸೀದಿಯವರೆಗೆ ನಡೆದ ದಾರಿ ಎರಡು ಸಾಲಿಗೆ ದಕ್ಕುವಂಥದ್ದಲ್ಲ.

ಇನ್ನು ತಪ್ಪುಗಳು. ಜೆರುಸಲೇಮಿನ ಬಂಡೆಯ ಗುಮ್ಮಟವನ್ನು ‘ಮೊದಲ ಮಹಾಮಸೀದಿ’ ಎಂದಿದ್ದೀರಿ. ಖಲೀಫ ಅಬ್ದುಲ್ ಮಲಿಕ್ ಕಾಲದಲ್ಲಿ 691-92ರ ಹೊತ್ತಿಗೆ ಎದ್ದ ಆ ಅಷ್ಟಕೋನದ ಕಟ್ಟಡ ಬಂಡೆಯ ಸುತ್ತ ನಡೆದು ಬರುವಂತೆ ರೂಪಿಸಿದ ಸ್ಮಾರಕ. ಜನ ಸಾಲಾಗಿ ನಿಂತು ನಮಾಜು ಮಾಡುವ ಮಸೀದಿ ಅದೇ ಆವರಣದ ಅಲ್-ಅಕ್ಸಾ. ‘ಜೀವಿಗಳ ಚಿತ್ರಣ ಎಲ್ಲಿಯೂ ಇಲ್ಲ’ ಎಂಬುದೂ ಸರಿಯಲ್ಲ. ಜೋರ್ಡಾನಿನ ಖುಸೈರ್ ಅಮ್ರಾ ಅರಮನೆಯ ಗೋಡೆಗಳಲ್ಲಿ ಉಮಯ್ಯದ್ ಖಲೀಫರ ಕಾಲದ ಬೇಟೆಗಾರರು, ಅರಸರು, ಸ್ನಾನದ ಹೆಂಗಸರು ಇದ್ದಾರೆ. ಈಗ ಬರ್ಲಿನ್‌ನಲ್ಲಿರುವ ಮ್ಶತ್ತಾ ಅರಮನೆಯ ಮುಂಗೋಡೆಯನ್ನು ಗಮನಿಸಿ: ಬಾಗಿಲಿನ ಎಡಕ್ಕೆ ಬಳ್ಳಿಗಳ ನಡುವೆ ಪ್ರಾಣಿ, ಹಕ್ಕಿಗಳ ಕೆತ್ತನೆ, ಬಲಕ್ಕೆ, ಒಳಗೆ ಮಸೀದಿಯಿದ್ದ ಕಡೆ, ಬಳ್ಳಿ ಮಾತ್ರ. ಆ ಕಾಲದವರು ಗೆರೆಯನ್ನು ಎಲ್ಲಿ ಎಳೆದರು ಎನ್ನುವುದು ಒಂದೇ ಗೋಡೆಯಲ್ಲಿ ಸಿಗುತ್ತದೆ.

‘ಗುಮ್ಮಟ, ಮಿನಾರುಗಳಿಲ್ಲದೆ ಮಸೀದಿಯಿಲ್ಲ’ ಎಂಬ ಸಾಲಂತೂ ಹೋಗಲೇಬೇಕು. ಮದೀನಾದ ಮೊದಲ ಮಸೀದಿಗೆ ಎರಡೂ ಇರಲಿಲ್ಲ. ಅಲ್ಲಿದ್ದದ್ದು ಅಂಗಳ, ಖರ್ಜೂರದ ಕಾಂಡದ ಕಂಬ, ಗರಿಯ ಮಾಡು. ಸಾವಿರ ವರ್ಷದ ನಂತರ ಕಟ್ಟಿದ ಇಸ್ಫಹಾನಿನ ಶೇಖ್ ಲುತ್ಫುಲ್ಲಾ ಮಸೀದಿಯಲ್ಲಿ ಮಿನಾರೂ ಇಲ್ಲ, ಅಂಗಳವೂ ಇಲ್ಲ. ಚೀನಾದ ಷಿಆನ್ ಮಸೀದಿಗೆ ಅಲ್ಲಿನದೇ ಬಾಗಿದ ಮಾಡು. ಹಾಗಾದರೆ ಇವನ್ನೆಲ್ಲ ಕೂಡಿಸುವುದು ಯಾವುದು? ಕಿಬ್ಲಾ, ಮೆಕ್ಕಾದ ಕಡೆಗಿನ ದಿಕ್ಕು. ಅದಕ್ಕೆ ನೀವು ಒಂದೇ ಸಾಲು ಕೊಟ್ಟಿದ್ದೀರಿ. 1611ರಲ್ಲಿ ಶುರುವಾದ ಇಸ್ಫಹಾನಿನ ಷಾ ಮಸೀದಿಯ ಹೆಬ್ಬಾಗಿಲು ಎದುರಿನ ಮೈದಾನಕ್ಕೆ ನೇರವಾಗಿದೆ, ಕಿಬ್ಲಾ ಓರೆಯಾಗಿದೆ. ಬಾಗಿಲು ದಾಟಿದವನು ಸುಮಾರು 45 ಡಿಗ್ರಿ ತಿರುಗಿ ಅಂಗಳ ಸೇರುತ್ತಾನೆ. ಮೈದಾನದಿಂದ ನೋಡಿದರೆ ದೊಡ್ಡ ಗುಮ್ಮಟ ಹೆಬ್ಬಾಗಿಲಿನ ಹಿಂದೆ ಪಕ್ಕಕ್ಕೆ ಸರಿದು ಕಾಣುವುದು ಇದರಿಂದಲೇ.

ರೋಮನ್, ಬೈಜಾಂಟೈನ್, ಇರಾನಿ ಮೂಲಗಳ ಪ್ರಸ್ತಾಪ ಬಂದಾಗಲೆಲ್ಲ ಸಮಜಾಯಿಷಿ ಕೊಡಲು ಹೊರಡುತ್ತೀರಿ. ಅದರ ಅಗತ್ಯವಿಲ್ಲ. ಪಡೆದದ್ದನ್ನು ಏನು ಮಾಡಿದರು ಎಂದು ತೋರಿಸಿದರೆ ಈ ಪರಂಪರೆಯ ಗೌರವ ಹೆಚ್ಚುತ್ತದೆ.

ಮತ್ತೆ ಬರೆಯುವಾಗ ಮೊದಲ ಎರಡು ಪ್ಯಾರಾಗಳನ್ನೂ ‘ವಿಶ್ವಶಾಂತಿಯ ಸಂದೇಶ’ ಎಂಬ ಕೊನೆಯ ಪ್ಯಾರಾವನ್ನೂ ತೆಗೆಯಿರಿ. ಕೊರ್ಡೊಬಾದ ಕಂಬದಿಂದ ಶುರುಮಾಡಿ, ಬೇಕಿದ್ದರೆ ಇಸ್ಫಹಾನಿಗೆ ಹೋಗಿ, ಮೂರನೆಯ ಊರು ಬೇಡ. ಬರಹ 1200 ಪದ ಮೀರದಿರಲಿ. ಕೊರ್ಡೊಬಾದ ನೆಲನಕ್ಷೆಯೊಂದನ್ನು ಜೊತೆಗೆ ಕಳಿಸಿ. ಆ ಮಸೀದಿ ಮೂರು ಸಲ ದೊಡ್ಡದಾಯಿತು. ಕೊನೆಯ ಸಲ ನದಿಯ ಕಡೆ ಜಾಗವಿಲ್ಲದೆ ಪೂರ್ವಕ್ಕೆ ಬೆಳೆಸಿದ್ದರಿಂದ ಮಿಹ್ರಾಬ್, ಅಂದರೆ ಕಿಬ್ಲಾ ತೋರಿಸುವ ಗೋಡೆಗೂಡು, ಈಗ ನಡುವಿನಲ್ಲಿಲ್ಲ. ಅದನ್ನು ನಕ್ಷೆಯಲ್ಲಿ ತೋರಿಸಿದರೆ ಒಂದು ಪ್ಯಾರಾ ಬರೆಯುವ ಶ್ರಮ ತಪ್ಪುತ್ತದೆ.

ಇತಿ,
ಸಂಪಾದಕ