ಸ್ಪೀಕರ್‌ಗೆ 50 ವಾಟ್ ಕ್ಲಾಸ್ ಎಬಿ ಆಂಪ್ (ಆಂಪ್ಲಿಫೈಯರ್) ತಗೊಳ್ಳಲಾ, 100 ವಾಟ್ ಕ್ಲಾಸ್ ಡಿ ತಗೊಳ್ಳಲಾ?

ನಿಮ್ಮದು ಹುಬ್ಬಳ್ಳಿಯಲ್ಲಿ 12 ಅಡಿಗೆ 14 ಅಡಿ ರೂಮು, 87 ಡಿಬಿ ಸ್ಪೀಕರ್, ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಖಯಾಲ್ ಅಂತ ಬರೆದಿದ್ದೀರಿ. ಎಬಿ, ಡಿ ಅನ್ನುವುದು ಆಂಪ್ ಒಳಗಿನ ಸರ್ಕಿಟ್‌ನ ಎರಡು ಬಗೆ. ನಿಮ್ಮ ರೂಮಿಗೆ ವಾಟ್ ನೋಡಿ ಆರಿಸಬೇಡಿ. ನಾನೂ ಧಾರವಾಡದಲ್ಲಿ ಇದೇ ಸಂಗೀತ ಕೇಳುವವನು.

87 ಡಿಬಿ ಅಂದರೆ 1 ವಾಟ್ ಕೊಟ್ಟಾಗ ಒಂದು ಮೀಟರ್ ದೂರಕ್ಕೆ ಬರುವ ಸದ್ದು. ಮನೆಯಲ್ಲಿ ಆರಾಮಾಗಿ ಕೇಳಲು ಹೆಚ್ಚುಕಡಿಮೆ ಅಷ್ಟು ಸಾಕು. ಬಾಯಾ (ತಬಲಾ ಜೋಡಿಯ ಎಡಗೈ ವಾದ್ಯ) ಮೇಲೆ ಜೋರು ಪೆಟ್ಟು ಬಿದ್ದಾಗ ಆ ಕ್ಷಣಕ್ಕೆ ಹತ್ತಿಪ್ಪತ್ತು ಪಟ್ಟು ಪವರ್ ಬೇಕಾಗಬಹುದು, ಅದನ್ನು 50 ವಾಟ್ ಸಲೀಸಾಗಿ ಕೊಡುತ್ತದೆ. 100ಕ್ಕೆ ಹೋದರೆ ಜಾಸ್ತಿ ಸಿಗುವುದು ಬರೀ 3 ಡಿಬಿ. ಡಬ್ಬದ ಮೇಲಿನ ಪಿಎಂಪಿಒ (ಜಾಹೀರಾತಿಗೆ ಉಬ್ಬಿಸಿದ ವಾಟ್) ಲೆಕ್ಕ ಬಿಟ್ಟುಬಿಡಿ, 8 ಓಮ್ ಸ್ಪೀಕರ್‌ಗೆ ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ವಾಟ್, ಎಷ್ಟು ಅಂತ ಕೇಳಿ.

ಎರಡು ಆಂಪ್ ಹೋಲಿಸುವಾಗ ಎಲ್ಲಕ್ಕಿಂತ ಮುಖ್ಯ ಸದ್ದು ಸಮ ಮಾಡುವುದು. ಅರ್ಧ ಡಿಬಿ ಜಾಸ್ತಿ ಇದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ. ಮೊಬೈಲ್‌ನಿಂದ 100 ಹರ್ಟ್ಜ್ ಟೋನ್ ಹಾಕಿ, ಸ್ಪೀಕರ್ ವೈರಿನ ತುದಿಯಲ್ಲಿ ಮಲ್ಟಿಮೀಟರ್‌ನ ಎಸಿ ವೋಲ್ಟ್ ನೋಡಿ. ಎರಡರಲ್ಲೂ 2 ವೋಲ್ಟ್ ಬರುವ ಹಾಗೆ ವಾಲ್ಯೂಮ್ ಇಡಿ. ವೈರ್ ಬದಲಿಸುವಾಗ ಆಂಪ್ ಆಫ್ ಇರಲಿ, ತುದಿ ಒಂದಕ್ಕೊಂದು ತಾಗಿದರೆ ಆಂಪ್‌ನ ಔಟ್‌ಪುಟ್ ಭಾಗ ಹಾಳಾಗಬಹುದು.

ಆಮೇಲೆ ಗಂಗೂಬಾಯಿ ಹಾನಗಲ್ ಅವರ ವಿಲಂಬಿತ್ (ನಿಧಾನ ಲಯದ) ಖಯಾಲ್ ಹಾಕಿ. ಅವರ ತುಂಬು ದನಿ ಕೆಳಗಿನ ಸ್ವರಕ್ಕೆ ಇಳಿದಾಗ ಹಿಂದಿನ ತಂಬೂರಿ ತಂತಿ ತಂತಿಯಾಗಿ ಕೇಳಬೇಕು, ಬಾಯಾ ಬಂದಾಗ ಅದು ಮಸುಕಾಗಬಾರದು. ಸುಯ್ ಸದ್ದು ಕೇಳಿದರೆ ಹಾಡು ನಿಲ್ಲಿಸಿ ಟ್ವೀಟರ್ (ಸ್ಪೀಕರ್‌ನಲ್ಲಿ ಮೇಲಿನ ಸ್ವರ ನುಡಿಸುವ ಚಿಕ್ಕ ಭಾಗ) ಹತ್ತಿರ ಕಿವಿ ಇಡಿ. ಆಗಲೂ ಸುಯ್ ಅಂದರೆ ಆಂಪ್‌ನದು, ನಿಂತರೆ ಹಳೆಯ ರೆಕಾರ್ಡಿಂಗ್‌ನದು.

ಹೀಗೆ ಸಮ ಮಾಡಿ ಕೇಳಿದರೆ ಒಳ್ಳೆಯ ಎಬಿ, ಒಳ್ಳೆಯ ಡಿ ನಡುವೆ ವ್ಯತ್ಯಾಸ ತೀರಾ ಕಡಿಮೆ. ಅಗ್ಗದ ಕೆಲವು ಡಿ ಆಂಪ್‌ಗಳಲ್ಲಿ ಮಾತ್ರ ಮೇಲಿನ ಸ್ವರಗಳು ಸ್ಪೀಕರ್ ಬದಲಾದಂತೆ ಬದಲಾಗುತ್ತವೆ. ಅದಕ್ಕೇ ಅಂಗಡಿಯ ಸ್ಪೀಕರ್‌ನಲ್ಲಿ ಕೇಳಿ ತೀರ್ಮಾನ ಮಾಡಬೇಡಿ, ನಿಮ್ಮದನ್ನೇ ಒಯ್ಯಿರಿ.

ಎಬಿ ಬಿಸಿಯಾಗುತ್ತದೆ, ನಮ್ಮ ಏಪ್ರಿಲ್ ಬಿಸಿಲಲ್ಲಿ ಇನ್ನೂ ಜಾಸ್ತಿ. ಗಾಜಿನ ಬಾಗಿಲಿನ ಶೋಕೇಸ್ ಒಳಗೇ ಇಡಬೇಕಾದರೆ ಡಿ ತಗೊಳ್ಳಿ. ಸುತ್ತ ಗಾಳಿ ಆಡುವ ಜಾಗ ಇದ್ದರೆ 50 ವಾಟ್ ಎಬಿ ಸಾಕು, ಉಳಿದ ದುಡ್ಡು ಸ್ಪೀಕರ್‌ಗೆ ಹಾಕಿ.