ಮೇವಿನ ತಾಕಿಗೆ ಗೊಬ್ಬರ ಮತ್ತು ಬೆಳೆ ಸರದಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ನಮ್ಮದು ಕೆಂಪು ಮಣ್ಣಿನ ಜಮೀನು. ನಾಲ್ಕು ಎಚ್‌ಎಫ್ ಮಿಶ್ರತಳಿ ಹಸುಗಳಿವೆ. 20 ಗುಂಟೆಯಲ್ಲಿ ಸಿಒ-4 ಸೀಮೆಹುಲ್ಲು ಹಾಕಿ ಇದು ನಾಲ್ಕನೇ ವರ್ಷ. ಪಕ್ಕದ 20 ಗುಂಟೆಯಲ್ಲಿ ಪ್ರತಿ ಸಲವೂ ಆಫ್ರಿಕನ್ ಟಾಲ್ ಮುಸುಕಿನ ಜೋಳವನ್ನೇ ಬಿತ್ತುತ್ತೇವೆ. ಹುಲ್ಲು ಕೊಯ್ದಾಗಲೆಲ್ಲ 20 ಕಿಲೋ ಯೂರಿಯಾ ಕೊಡುತ್ತೇವೆ. ಕೊಟ್ಟಿಗೆ ಗೊಬ್ಬರವೆಲ್ಲ ತೆಂಗಿನ ತೋಟಕ್ಕೆ ಹೋಗುತ್ತದೆ. ಈಗ ಹುಲ್ಲಿನ ಬುಡ ನಡುವೆ ಟೊಳ್ಳಾಗಿ ತೆಂಡೆ (ಬುಡದಿಂದ ಒಡೆಯುವ ಕವಲು) ಕಡಿಮೆಯಾಗಿದೆ, ಕೆಳಗಿನ ಎಲೆಗಳ ಅಂಚು ಒಣಗುತ್ತಿದೆ. ಯೂರಿಯಾ ಹೆಚ್ಚಿಸಬೇಕೇ?

ಉತ್ತರ: ಬೇಡ. ಎಲೆಯ ಅಂಚು ಒಣಗುತ್ತಿದೆ ಎಂದು ನೀವು ಗಮನಿಸಿ ಬರೆದಿರುವುದು ಬಹಳ ಉಪಯುಕ್ತ ಮಾಹಿತಿ. ಸಾರಜನಕ ಕಡಿಮೆಯಾದರೆ ಹಳೆಯ ಎಲೆಯ ತುದಿಯಿಂದ ಹಳದಿ ಬಣ್ಣ ನಡುನರದ ಗುಂಟ ಒಳಕ್ಕೆ ಇಳಿಯುತ್ತದೆ, ಅಂಚು ಸ್ವಲ್ಪ ಕಾಲ ಹಸಿರಾಗಿಯೇ ಇರುತ್ತದೆ. ಪೊಟ್ಯಾಷ್ ಕಡಿಮೆಯಾದರೆ ಇದಕ್ಕೆ ತದ್ವಿರುದ್ಧ: ನಡುನರ ಹಸಿರಾಗಿದ್ದು, ತುದಿ ಮತ್ತು ಅಂಚು ಹಳದಿಯಾಗಿ ಸುಟ್ಟಂತೆ ಒಣಗುತ್ತವೆ. ಮುಸುಕಿನ ಜೋಳದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿ ಕಾಣುವುದರಿಂದ ಪಕ್ಕದ ತಾಕಿನಲ್ಲೂ ಒಮ್ಮೆ ನೋಡಿ. ಮಣ್ಣು ಪರೀಕ್ಷೆಯ ವರದಿ ಬರುವವರೆಗೆ ಇದನ್ನು ಪೊಟ್ಯಾಷ್ ಕೊರತೆ ಎಂದೇ ತಿಳಿದು ಮುಂದುವರಿಯುವುದು ಒಳಿತು.

ಕಾರಣವನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಟನ್ ಹಸಿ ಸೀಮೆಹುಲ್ಲಿನಲ್ಲಿ ಒಣ ಅಂಶ ಸುಮಾರು 200 ಕಿಲೋ. ಅದರೊಂದಿಗೆ ಹೆಚ್ಚುಕಡಿಮೆ 2.5 ಕಿಲೋ ಸಾರಜನಕ ಮತ್ತು 4 ಕಿಲೋದಷ್ಟು ಪೊಟ್ಯಾಷ್ ಭೂಮಿಯಿಂದ ಎದ್ದು ಹೋಗುತ್ತದೆ. ನಿಮ್ಮ 20 ಗುಂಟೆಯಲ್ಲಿ ಒಂದು ಕಟಾವಿಗೆ ಐದು ಟನ್ ಬರುತ್ತದೆ ಎಂದಿಟ್ಟುಕೊಂಡರೆ, ಆ ಒಂದೇ ಕಟಾವು 12 ಕಿಲೋ ಸಾರಜನಕವನ್ನೂ 20 ಕಿಲೋ ಪೊಟ್ಯಾಷನ್ನೂ ಒಯ್ಯುತ್ತದೆ. ನೀವು ಕೊಡುವ 20 ಕಿಲೋ ಯೂರಿಯಾದಲ್ಲಿರುವುದು 9 ಕಿಲೋ ಸಾರಜನಕ, ಅದರಲ್ಲಿ ಪೊಟ್ಯಾಷ್ ಏನೂ ಇಲ್ಲ. ರಾಗಿ, ಭತ್ತದ ಗದ್ದೆಯಲ್ಲಿ ಬೇರಿನ ಜೊತೆಗೆ ಕೂಳೆಯಾದರೂ ಮಣ್ಣಿಗೆ ಸೇರುತ್ತದೆ. ಮೇವಿನ ತಾಕಿನಲ್ಲಿ ಕಾಂಡ, ಎಲೆ, ತುದಿ ಎಲ್ಲವೂ ಕೊಟ್ಟಿಗೆಗೆ ಹೋಗುತ್ತವೆ. ಜಮೀನಿನಲ್ಲಿ ಅತಿ ಹೆಚ್ಚು ಪೋಷಕಾಂಶ ಕಳೆದುಕೊಳ್ಳುವ ತುಂಡು ಮೇವಿನದು ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ.

ಹಾಗಾದರೆ ಆ ಪೋಷಕಾಂಶ ಹೋಗುವುದೆಲ್ಲಿಗೆ? ಹಸು ತಿಂದ ಸಾರಜನಕದಲ್ಲಿ ಸುಮಾರು ಮುಕ್ಕಾಲು ಪಾಲು ಸಗಣಿ ಮತ್ತು ಗಂಜಲದಲ್ಲಿ ಹೊರಬರುತ್ತದೆ. ಪೊಟ್ಯಾಷ್‌ನಲ್ಲಂತೂ ಹಾಲಿಗೆ ಸೇರುವುದು ಅತ್ಯಲ್ಪ, ಉಳಿದುದರ ಬಹುಪಾಲು ಗಂಜಲದಲ್ಲಿರುತ್ತದೆ. ಅಂದರೆ ನೀವು ವರ್ಷಗಳಿಂದ ಹುಲ್ಲಿನ ತಾಕಿನ ಸತ್ವವನ್ನು ಹಸುಗಳ ಮೂಲಕ ತೆಂಗಿನ ತೋಟಕ್ಕೆ ಸಾಗಿಸುತ್ತಿದ್ದೀರಿ. ತೆಂಗಿಗೆ ಗೊಬ್ಬರ ಬೇಡವೆಂದಲ್ಲ; ಆದರೆ ಕನಿಷ್ಠ ಅರ್ಧದಷ್ಟು ಗೊಬ್ಬರ ಬಂದಲ್ಲಿಗೇ ಮರಳಬೇಕು. ಕೊಟ್ಟಿಗೆಯ ನೆಲಕ್ಕೆ ಸಿಮೆಂಟ್ ಹಾಕಿಸಿದ್ದರೆ ಗಂಜಲ ಮತ್ತು ತೊಳೆದ ನೀರು ಒಂದು ಗುಂಡಿಗೆ ಸೇರುವಂತೆ ಕಾಲುವೆ ಮಾಡಿ, ಕಟಾವಾದ ಎರಡು ಮೂರು ದಿನಗಳ ನಂತರ ನೀರಾವರಿ ನೀರಿನೊಂದಿಗೆ ಹುಲ್ಲಿನ ಸಾಲಿಗೆ ಬಿಡಿ. ಗೋಬರ್ ಗ್ಯಾಸ್ ಇದ್ದರೆ ಅದರ ಬಗ್ಗಡವನ್ನೂ ಹೀಗೆಯೇ ಬಳಸಬಹುದು. ತಿಪ್ಪೆಯನ್ನು ಬಿಸಿಲು ಮಳೆಗೆ ತೆರೆದಿಟ್ಟರೆ ಸಾರಜನಕ ಗಾಳಿಗೂ ಪೊಟ್ಯಾಷ್ ನೀರಿಗೂ ಹೋಗುತ್ತದೆ, ಆದ್ದರಿಂದ ಮೇಲೊಂದು ಚಪ್ಪರವಾದರೂ ಇರಲಿ. ಇದರ ಜೊತೆಗೆ ಪ್ರತಿ ಕಟಾವಿಗೆ 8ರಿಂದ 10 ಕಿಲೋ ಮ್ಯೂರೇಟ್ ಆಫ್ ಪೊಟ್ಯಾಷ್ ಕೊಡುತ್ತಾ ಬನ್ನಿ. ಮಣ್ಣು ಪರೀಕ್ಷೆಯ ವರದಿ ಬಂದ ಮೇಲೆ ಅದನ್ನು ಏರಿಳಿಸಿಕೊಳ್ಳಬಹುದು. ಯೂರಿಯಾ ಈಗಿನಷ್ಟೇ ಸಾಕು, ಒಣ ನೆಲದ ಮೇಲೆ ಮಾತ್ರ ಎರಚಬೇಡಿ.

ಇನ್ನು ಸರದಿಯ ವಿಷಯ. ಟೊಳ್ಳಾದ ಬುಡಗಳಿಗೆ ಎಷ್ಟು ಗೊಬ್ಬರ ಕೊಟ್ಟರೂ ಮೊದಲಿನ ತೆಂಡೆ ಬರುವುದಿಲ್ಲ. ಹುಲ್ಲು ಮತ್ತು ಮುಸುಕಿನ ಜೋಳದ ತಾಕುಗಳನ್ನು ಅದಲುಬದಲು ಮಾಡುವ ಕಾಲ ಬಂದಿದೆ. ಹಸುಗಳಿಗೆ ಮೇವು ನಿಲ್ಲದಂತೆ, ಒಮ್ಮೆಗೆ 10 ಗುಂಟೆಯಂತೆ ಬದಲಿಸಿ. ಮುಂಗಾರಿನ ಆರಂಭದಲ್ಲಿ ಮುಸುಕಿನ ಜೋಳದ ತಾಕಿನ ಅರ್ಧಕ್ಕೆ ಎರಡು ಟನ್ ಕಳಿತ ಗೊಬ್ಬರ ಮತ್ತು ಒಂದು ಚೀಲ ಸೂಪರ್ ಫಾಸ್ಫೇಟ್ ಸೇರಿಸಿ, ನಿಮ್ಮದೇ ಬಲಿತ ಕಾಂಡದಿಂದ ಎರಡು ಗಣ್ಣಿನ ತುಂಡುಗಳನ್ನು ಕತ್ತರಿಸಿ, ಒಂದು ಗಣ್ಣು ಮಣ್ಣಿನೊಳಗಿರುವಂತೆ ನೆಡಿ. ಜೋಡಿ ಸಾಲಿನಲ್ಲಿ ನೆಟ್ಟು, ಜೋಡಿಗಳ ನಡುವೆ ನಾಲ್ಕು ಅಡಿ ಬಿಟ್ಟರೆ ಅಲ್ಲಿ ಅಲಸಂದೆಯನ್ನೋ ಕುದುರೆ ಮಸಾಲೆಯನ್ನೋ (ಲೂಸರ್ನ್ ಎಂಬ ದ್ವಿದಳ ಮೇವು) ಬೆಳೆಯಲು ಜಾಗ ಸಿಗುತ್ತದೆ. ಹೊಸ ಹುಲ್ಲು ಮೊದಲ ಕಟಾವಿಗೆ ಬಂದ ಮೇಲೆ ಹಳೆಯ ಬುಡಗಳನ್ನು ಕಿತ್ತು, ಆ ಜಾಗಕ್ಕೆ ಅಲಸಂದೆ ಬಿತ್ತಿ. ಅದರ ನಂತರದ ಬೆಳೆಯಾಗಿ ಮೂರು ಸಾಲು ಮುಸುಕಿನ ಜೋಳಕ್ಕೆ ಒಂದು ಸಾಲು ಅಲಸಂದೆ, ಹಿಂಗಾರಿನಲ್ಲಿ ನೀರಿದ್ದರೆ ಓಟ್ಸ್ ಸೂಕ್ತ.

ದ್ವಿದಳದ ಬಗ್ಗೆ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಅಲಸಂದೆ ಬೆಳೆದರೆ ಭೂಮಿಗೆ ಸಾರಜನಕ ತಾನಾಗಿಯೇ ತುಂಬುತ್ತದೆ ಎಂಬ ನಂಬಿಕೆ ಮೇವಿನ ಮಟ್ಟಿಗೆ ಅರ್ಧ ಮಾತ್ರ ನಿಜ. ಸೊಪ್ಪನ್ನೆಲ್ಲ ಕೊಯ್ದು ಹಸುವಿಗೆ ಹಾಕಿದರೆ ಗಾಳಿಯಿಂದ ಹಿಡಿದ ಸಾರಜನಕದ ದೊಡ್ಡ ಪಾಲು ಕೊಟ್ಟಿಗೆಗೇ ಹೋಗುತ್ತದೆ, ಮಣ್ಣಿನಲ್ಲಿ ಉಳಿಯುವುದು ಬೇರಿನದಷ್ಟೇ. ಹಾಗಿದ್ದೂ ಲಾಭ ಸಣ್ಣದಲ್ಲ: ಆ ಬೆಳೆಗೆ ಯೂರಿಯಾ ಉಳಿಯುತ್ತದೆ, ಮತ್ತು ಮುಸುಕಿನ ಜೋಳದ ಮೇವಿನಲ್ಲಿ ಶೇ 8-9ರಷ್ಟಿರುವ ಪ್ರೋಟೀನು ಅಲಸಂದೆಯಲ್ಲಿ ಅದರ ಇಮ್ಮಡಿಯಷ್ಟಿರುವುದರಿಂದ ಹಿಂಡಿಯ ಖರ್ಚೂ ಇಳಿಯುತ್ತದೆ. ಬಿತ್ತನೆಗೆ ಮೊದಲು ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಸಾರಜನಕ ಹಿಡಿಯುವ ಸೂಕ್ಷ್ಮಾಣು) ಲೇಪಿಸಿ ನೆರಳಲ್ಲಿ ಆರಿಸಿ. ಸುಮಾರು 35 ದಿನಗಳಾದಾಗ ಒಂದು ಗಿಡವನ್ನು ಮಣ್ಣು ಸಮೇತ ಅಗೆದು, ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪು ಛಾಯೆಯಿದ್ದರೆ ಅದು ಸಾರಜನಕ ಹಿಡಿಯುತ್ತಿದೆ. ಬಿಳಿಯಾಗಿಯೋ ಹಸಿರಾಗಿಯೋ ಇದ್ದರೆ ಆ ಕೆಲಸ ನಡೆಯುತ್ತಿಲ್ಲ. ಯೂರಿಯಾ ಹೆಚ್ಚಾದ ತಾಕಿನಲ್ಲಿ ಗಂಟುಗಳೇ ವಿರಳವಾಗಿರುತ್ತವೆ.

ಪ್ರಶ್ನೆ: ಬೇಸಿಗೆಯಲ್ಲಿ ಬಾಡಿದ್ದ ಮೇವಿನ ಜೋಳಕ್ಕೆ ಮಳೆ ಬಂದೊಡನೆ ಯೂರಿಯಾ ಹಾಕಿದೆವು. ವಾರದಲ್ಲಿ ಹಸಿರಾಗಿ ಚಿಗುರಿದೆ. ಹಸುಗಳಿಗೆ ಹಾಕಬಹುದೇ? (ಹಾವೇರಿ ಜಿಲ್ಲೆಯಿಂದ)

ಉತ್ತರ: ದಯವಿಟ್ಟು ಈಗ ಹಾಕಬೇಡಿ. ಇಂಥ ಚಿಗುರಿನಲ್ಲಿ ಎರಡು ಬಗೆಯ ವಿಷ ಒಟ್ಟಿಗೆ ಇರಬಹುದು. ಮೊದಲನೆಯದು ಸಯನೈಡ್, ಅದು ಎಳೆಯ ಜೋಳದಲ್ಲಿ ಮತ್ತು ಬರದಿಂದ ಚೇತರಿಸಿಕೊಂಡ ಚಿಗುರಿನಲ್ಲಿ ಹೆಚ್ಚು. ಎರಡನೆಯದು ನೈಟ್ರೇಟ್; ಬೇರು ಯೂರಿಯಾದ ಸಾರಜನಕವನ್ನು ವೇಗವಾಗಿ ಹೀರಿದರೂ ಗಿಡ ಅದನ್ನು ಪ್ರೋಟೀನಾಗಿ ಬದಲಿಸಲಾರದೆ ಕಾಂಡದ ಬುಡದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಚೆನ್ನಾಗಿ ಒಣಗಿಸಿದರೆ ಸಯನೈಡ್ ಇಳಿಯುತ್ತದೆ, ಆದರೆ ನೈಟ್ರೇಟ್ ಒಣ ಮೇವಿನಲ್ಲೂ ಉಳಿಯುತ್ತದೆ. ರಸಮೇವು (ಗಾಳಿಯಾಡದಂತೆ ಮುಚ್ಚಿ ಹುಳಿಸಿದ ಹಸಿ ಮೇವು) ಮಾಡಿದರೆ ಎರಡೂ ಕಡಿಮೆಯಾಗುತ್ತವೆ. ಬೆಳೆ ಹೂ ಬಿಡುವವರೆಗೆ ಕಾಯಿರಿ. ಕೊಯ್ಯುವಾಗ ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯಿರಿ. ಹಸಿದ ಹಸುವಿಗೆ ಮೊದಲು ಒಣಹುಲ್ಲು ಕೊಟ್ಟು, ಹೊಸ ಮೇವನ್ನು ಸ್ವಲ್ಪ ಸ್ವಲ್ಪವಾಗಿ ರೂಢಿಸಿ. ಹಸು ಏದುಸಿರು ಬಿಟ್ಟು ನಡುಗುತ್ತಾ ತೂರಾಡಿದರೆ ಮನೆಮದ್ದಿಗೆ ಸಮಯ ಕಳೆಯದೆ ಪಶುವೈದ್ಯರನ್ನು ಕರೆಸಿ, ತಿಂದ ಮೇವನ್ನು ತೋರಿಸಿ. ಎರಡು ವಿಷಗಳಿಗೂ ಚುಚ್ಚುಮದ್ದು ಬೇರೆ ಬೇರೆ.

ಪ್ರಶ್ನೆ: ಕುದುರೆ ಮಸಾಲೆ ಅಲ್ಲಲ್ಲಿ ಹಳದಿಯಾಗಿದೆ. ಯೂರಿಯಾ ಕೊಡಬೇಕೇ? (ಕೋಲಾರ ಜಿಲ್ಲೆಯಿಂದ)

ಉತ್ತರ: ಬೇರಿನಲ್ಲಿ ಗಂಟು ಕಟ್ಟಿದ ಕುದುರೆ ಮಸಾಲೆಗೆ ಯೂರಿಯಾ ಅಗತ್ಯವಿಲ್ಲ, ಅದು ಕೇಳುವುದು ರಂಜಕ ಮತ್ತು ಪೊಟ್ಯಾಷ್. ಇಡೀ ತಾಕು ಹಳದಿಯಾಗದೆ ಅಲ್ಲಲ್ಲಿ ಮಾತ್ರ ಆಗಿರುವುದರಿಂದ ಮೊದಲು ಗಿಡಗಳ ನಡುವೆ ಎಲೆಯಿಲ್ಲದ, ಹಳದಿ ದಾರದಂಥ ಕಸ್ಕ್ಯೂಟ ಬಳ್ಳಿ ಸುತ್ತಿಕೊಂಡಿದೆಯೇ ನೋಡಿ. ಇದ್ದರೆ ಆ ಜಾಗದ ಗಿಡಗಳನ್ನು ಬಳ್ಳಿ ಸಮೇತ, ಅದು ಬೀಜ ಕಟ್ಟುವ ಮೊದಲೇ ಕಿತ್ತು ಸುಟ್ಟುಬಿಡಿ, ತಿಪ್ಪೆಗೆ ಎಸೆಯಬೇಡಿ. ಬಳ್ಳಿ ಇಲ್ಲದಿದ್ದರೆ ಅಲ್ಲಿ ನೀರು ನಿಲ್ಲುತ್ತಿದೆಯೇ ಪರೀಕ್ಷಿಸಿ, ಬಸಿಗಾಲುವೆ ತೆಗೆಯಿರಿ.